ಶೈಲಾಳ ಆರ್ಕಿಡ್ ಯಾಕೆ ಹೂ ಬಿಡಲಿಲ್ಲ?

"ಎಲೆ ನೋಡು, ಎಷ್ಟು ಹಸಿರಾಗಿದೆ. ಆದ್ರೆ ಒಂದು ಮೊಗ್ಗೂ ಇಲ್ಲ. ನನ್ನಿಂದ ಏನು ತಪ್ಪಾಯ್ತು ಹೇಳೇ."

ಕಳೆದ ತಿಂಗಳು ಸಿಡ್ನಿಗೆ ಹೋದಾಗ ಶೈಲಾ ಕೇಳಿದ ಮೊದಲ ಪ್ರಶ್ನೆ ಇದು. ನಾನಿನ್ನೂ ಬ್ಯಾಗ್ ಕೆಳಗಿಟ್ಟಿರಲಿಲ್ಲ. ಶೈಲಾ ನನ್ನ ಮೈಸೂರಿನ ಕಾಲೇಜು ಗೆಳತಿ, ಈಗ ಅಲ್ಲಿನ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ನರ್ಸ್. ಮೆಲ್ಬರ್ನ್‌ನ ನನ್ನ ಹಿತ್ತಲ ತುಂಬ ಆರ್ಕಿಡ್‌ಗಳೇ ಇರುವುದರಿಂದ (ಬಟ್ಟೆ ಒಣಹಾಕಲೂ ಜಾಗವಿಲ್ಲ ಎಂದು ಗಂಡನ ಕಂಪ್ಲೇಂಟ್) ಅವಳ ಗಿಡಕ್ಕೆ ನಾನೇ ಡಾಕ್ಟರ್.

ಕುಂಡದಲ್ಲಿದ್ದದ್ದು ಸಿಂಬಿಡಿಯಂ ಎಂಬ ಜಾತಿಯ ಆರ್ಕಿಡ್. ಅವಳ ಗಂಡ ರಘು ಬೆಳೆಸಿದ್ದು. ರಘು ತೀರಿಕೊಂಡು ಬರುವ ಆಗಸ್ಟ್‌ಗೆ ಎರಡು ವರ್ಷ. ಇಲ್ಲಿ ಅದು ಚಳಿಗಾಲ, ಈ ಗಿಡ ಹೂ ಬಿಡುವ ಕಾಲವೂ ಹೌದು. ಕಳೆದ ವರ್ಷ ತಿಥಿಯ ದಿನ ಫೋಟೋಗೆ ಇದೇ ಹೂ ಇಡಬೇಕೆಂದು ಶೈಲಾ ಕಾದಿದ್ದಳು. ಬರಲಿಲ್ಲ. ಕೊನೆಗೆ ಅಂಗಡಿಯಿಂದ ತಂದ ಹೂ ಇಟ್ಟಳಂತೆ.

"ರಘುಗೆ ನನ್ನ ಮೇಲೆ ಏನೋ ಬೇಜಾರು" ಅಂದಳು. ತಮಾಷೆಗೆ ಹೇಳಿದ ಮಾತಲ್ಲ ಅದು.

ಗಿಡ ಬೆಡ್‌ರೂಮಿನಲ್ಲಿತ್ತು, ಹೀಟರ್ ಹತ್ತಿರ. ಕರ್ಟನ್ ಸದಾ ಮುಚ್ಚಿರುತ್ತದೆ. ದಿನಾ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಾಳೆ. ಇದಕ್ಕಿಂತ ಚೆನ್ನಾಗಿ ಯಾರು ನೋಡಿಕೊಳ್ಳುತ್ತಾರೆ?

ತೊಂದರೆ ಅಲ್ಲೇ ಇತ್ತು. ಈ ಆರ್ಕಿಡ್‌ನ ಎಲೆ ಕಡುಹಸಿರಾಯಿತೆಂದರೆ ಅದಕ್ಕೆ ಬೆಳಕು ಸಾಲುತ್ತಿಲ್ಲ ಎಂದರ್ಥ. ಆರೋಗ್ಯವಾಗಿದ್ದರೆ ಎಲೆ ತುಸು ಹಳದಿಗೆ ತಿರುಗಿರುತ್ತದೆ. ಇನ್ನು ಮೊಗ್ಗು ಕಟ್ಟಬೇಕಾದರೆ ರಾತ್ರಿಯ ಚಳಿ ಬೇಕೇ ಬೇಕು. ಬೆಚ್ಚಗಿಟ್ಟರೆ ಬರೀ ಎಲೆ ಬರುತ್ತದೆ.

ಶೈಲಾಳನ್ನೂ ನಾವು ಗೆಳತಿಯರೆಲ್ಲ ನೋಡಿದ್ದು ಹೀಗೇ, ಹೊರಗಿನ ಹಸಿರನ್ನಷ್ಟೇ. ಡ್ಯೂಟಿಗೆ ಹೋಗುತ್ತಾಳೆ, ಫೋನ್ ಮಾಡಿದರೆ ಚೆನ್ನಾಗಿ ಮಾತಾಡುತ್ತಾಳೆ. "ಭಾರಿ ಸ್ಟ್ರಾಂಗ್ ಕಣ್ರೀ" ಎಂದು ಸರ್ಟಿಫಿಕೇಟ್ ಕೊಟ್ಟು ನಮ್ಮ ಕೆಲಸಕ್ಕೆ ಹೋಗುತ್ತೇವೆ. ಒಬ್ಬರನ್ನು ನೋಡುವುದಕ್ಕೆ ಅಷ್ಟು ಸಾಕಾ?

"ಇದನ್ನ ಬಾಲ್ಕನಿಯಲ್ಲಿಡು. ರಾತ್ರಿಯೂ ಅಲ್ಲೇ ಇರಲಿ" ಅಂದೆ.

ಅವಳು ಬಾಲ್ಕನಿಯ ಬಾಗಿಲ ಕಡೆ ನೋಡಿದಳು.

"ರಘು ಬಿದ್ದಿದ್ದು ಅಲ್ಲೇ. ಇದಕ್ಕೆ ನೀರು ಹಾಕ್ತಾ ಇದ್ದ. ನಾನು ಒಳಗೆ ಟೀ ಮಾಡ್ತಿದ್ದೆ. ಗಿಡ ಒಳಗೆ ತಂದ ಮೇಲೆ ಆ ಬಾಗಿಲು ತೆಗೆದೇ ಇಲ್ಲ ಕಣೇ."

ಹಾರ್ಟ್ ಅಟ್ಯಾಕ್ ಎಂದು ಗೊತ್ತಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ.

ಹಾಗಾದರೆ ಬೇಡ ಬಿಡು ಎಂಬ ಮಾತು ಬಾಯಿಗೆ ಬಂತು. ನುಂಗಿಕೊಂಡೆ. "ಕುಂಡ ನಾನು ಹಿಡ್ಕೋತೀನಿ. ಬಾಗಿಲು ನೀನು ತೆಗಿ" ಅಂದೆ.

ಹಿಡಿಕೆಯ ಮೇಲೆ ಕೈಯಿಟ್ಟು ಅವಳು ತುಂಬಾ ಹೊತ್ತು ನಿಂತಳು. ಕುಂಡದ ಭಾರಕ್ಕೆ ನನ್ನ ತೋಳು ನೋಯತೊಡಗಿತು. ಕೊನೆಗೆ ತೆಗೆದಳು. ಧೂಳು ತುಂಬಿ ಬಾಗಿಲು ಅರ್ಧಕ್ಕೇ ಸಿಕ್ಕಿಕೊಂಡಿತು. ಕುಂಡ ಕೆಳಗಿಟ್ಟು, ಇಬ್ಬರೂ ಸೇರಿ ತಳ್ಳಿದೆವು. ನೇರ ಬಿಸಿಲು ಬೀಳದ ಮೂಲೆಯಲ್ಲಿ ಗಿಡ ಇಟ್ಟು, ಅದರ ಪಕ್ಕದಲ್ಲೇ ಕೂತು ಅವಳು ಅತ್ತಳು. ನಾನೂ ಅತ್ತೆ.

ಆಗಸ್ಟ್‌ಗೆ ಹೂ ಬರುತ್ತದಾ? ಅನುಮಾನ. ಅದನ್ನು ಅವಳಿಗೂ ಹೇಳಿದ್ದೇನೆ.

ಮೊನ್ನೆ ಫೋನ್ ಮಾಡಿದ್ದಳು. "ಮೊಗ್ಗು ಇನ್ನೂ ಇಲ್ಲ. ಬಾಗಿಲು ತೆಗೆದೇ ಇಟ್ಟಿದ್ದೀನಿ. ಮನೆಯೆಲ್ಲಾ ಚಳಿ ಕಣೇ" ಅಂದಳು.

ಮುಚ್ಚು ಎಂದು ನಾನು ಹೇಳಲಿಲ್ಲ.