ಬೋಲ್ಟ ನಮ್ಮನ್ಯಾಗ, ನಟ್ಟ ಗಡಹಿಂಗ್ಲಜದಾಗ

ನಮ್ಮ ಅಪ್ಪ ಮತ್ತ ನಮ್ಮ ಕಾಕಾ ಮಾತು ಬಿಟ್ಟಿದ್ದು ಒಂದು ಮೋಟಾರಿನ ಸಲುವಾಗಿ. ಹೊಲದ ಸಲುವಾಗಿ ಮಾತು ಬಿಟ್ಟವರನ್ನ ನೋಡೇನಿ, ಮನಿ ಸಲುವಾಗಿ ಬಿಟ್ಟವರನ್ನೂ ನೋಡೇನಿ. ಆದ್ರ ಓಡದ ಮೋಟಾರಿನ ಸಲುವಾಗಿ ಒಬ್ಬರ ಮಾರಿ ಒಬ್ಬರು ನೋಡದ ಅಣ್ತಮ್ಮರು ಅಂದ್ರ ಇವರಿಬ್ಬರ. ಇಬ್ಬರ ಮ್ಯಾಲೂ ನನಗ ಸಿಟ್ಟೂ ಭಾಳ, ಜೀವಾನೂ ಭಾಳ.

ಮೋಟಾರು ಅಂದ್ರ ಕಾರು, ವಿಲಾಯತಿದು, ಉದ್ದ ಮೂಗಿಂದು. ನಮ್ಮ ಮುತ್ಯಾ, ಅಪ್ಪನ ಅಪ್ಪ, ಜಯಸಿಂಗಪುರದ ಒಬ್ಬ ಸಾವಕಾರರ ಕಡೆ ಡ್ರೈವರಕಿ ಮಾಡತಿದ್ದ. ಸಾವಕಾರರು ಹೊಸಾ ಗಾಡಿ ತಗೊಂಡಾಗ ಹಳೇದನ್ನ, "ನೀನ ಇಟ್ಕೊ ಮಾರಾಯಾ, ನಿನ್ನ ಬಿಟ್ಟು ಯಾರ ಮಾತೂ ಕೇಳಂಗಿಲ್ಲ ಅದು" ಅಂತ ಕೊಟ್ಟುಬಿಟ್ಟರಂತ. ಅಪ್ಪ, ಕಾಕಾ ಇಬ್ಬರೂ ಸ್ಟೇರಿಂಗ ಹಿಡಿಯೋದು ಕಲತಿದ್ದು ಅದರಾಗ. ಬಣ್ಣ ಹೊಡದು ಹೊಸಾದರಂಗ ಮಾಡೂಣಂತ ಇಬ್ಬರೂ ಕೂಡಿ ಒಮ್ಮೆ ಅದನ್ನ ಪೂರಾ ಬಿಚ್ಚಿದರು. ಮ್ಯಾಲಿನ ಬಾಡಿ ಒಂದ ಕಡೆ, ತಳದ ಚಾಸಿ ಒಂದ ಕಡೆ. ಹಂಗ ಬಿಚ್ಚಿ ಬಿದ್ದಾಗ ಮುತ್ಯಾ ತೀರಿಕೊಂಡ, ಅದರ ಬೆನ್ನಿಗೆ ವಾಟಣಿ ಬಂತು.

ವಾಟಣಿ ಅಂದ್ರ ನಮ್ಮ ಕಡೆ ಹಿರ್ಯಾರು ಪಡಸಾಲ್ಯಾಗ ಕುಂತು ಆಸ್ತಿ ಹಂಚೋದು. ನಾಳೆ ಯಾರೂ ನನಗ ಕಮ್ಮಿ ಬಂತು ಅನಬಾರದಂತ ಚಮಚಾ ಸುದ್ದಾ ಸರಿಸಮ ಹಂಚತಾರ. ಕಾಕಾ, "ಗಾಡಿ ಮಾರೂಣು" ಅಂದ. ಅಪ್ಪ, "ಅಪ್ಪನ ಗಾಡಿ ಮಾರಾವ ನೀ ಯಾಂವಲೇ?" ಅಂದ. ಮಾತಿಗೆ ಮಾತು ಬೆಳೀತು. ಕಡೀಕ ಗಾಡಿ ಅಪ್ಪಗ, ಗಡಹಿಂಗ್ಲಜದ ಜಾಗಾ ಕಾಕಾಗ ಅಂತ ಆತು. ಎಲ್ಲಾ ಮುಗದ ಮ್ಯಾಲ ಮೂಲ್ಯಾಗ ಎರಡು ಬಿಸ್ಕೀಟಿನ ಡಬ್ಬಿ ಉಳದಿದ್ವು. ಒಂದರಾಗ ಬಾಡಿ ಕೂಡಸೋ ಬೋಲ್ಟ, ಇನ್ನೊಂದರಾಗ ಅದರ ನಟ್ಟ. ಹಿರ್ಯಾರಾಗ ಒಬ್ಬರು, ದೇವರಂಥಾ ಮನಶ್ಯಾ, ಎರಡೂ ಡಬ್ಬಿ ಕೈಯಾಗ ತೂಗಿ ನೋಡಿ, "ಬರೋಬ್ಬರಿ ಸಮ ಅದಾವು" ಅಂತ ಬೋಲ್ಟಿನ ಡಬ್ಬಿ ಅಪ್ಪಗ, ನಟ್ಟಿನ ಡಬ್ಬಿ ಕಾಕಾಗ ಕೊಟ್ಟುಬಿಟ್ಟರು! ಒಂದು ಬಿಟ್ಟು ಇನ್ನೊಂದು ಉಪಯೋಗಿಲ್ಲ ಅಂತ ಅಪ್ಪಗೂ ಗೊತ್ತಿತ್ತು, ಕಾಕಾಗೂ ಗೊತ್ತಿತ್ತು. ಯಾಂವರೆ ಬಾಯಿ ಬಿಟ್ಟಾನೇನು? ಇಬ್ಬರೂ ತಮ್ಮ ತಮ್ಮ ಡಬ್ಬಿ ಬಗಲಾಗ ಹಿಡಕೊಂಡು ಎದ್ದು ಹ್ವಾದರು.

ಅದಾಗಿ ನಾ ದೊಡ್ಡಾಕಿ ಆದೆ, ಲಗ್ನಾ ಆತು, ಕಬನೂರಾಗ ಲೂಮಿನ, ಅಂದ್ರ ನೇಯೋ ಮಗ್ಗದ, ಸ್ಪೇರ್ ಪಾರ್ಟ್ಸಿನ ಅಂಗಡಿ ಹಾಕಿದೆ. ಅಪ್ಪ ಇಚಲಕರಂಜಿ ಕಡೆ ಶಹಾಪುರದಾಗ ಮಂದಿ ಲೂಮು ರಿಪೇರಿ ಮಾಡಕೋತ ಇದ್ದ. ಹೋದ ವರ್ಷ ಮಂಡಿ ನೋವಿಗೆ ಕೆಲಸಾ ಬಿಟ್ಟು ಮನ್ಯಾಗ ಕುಂತ. ಕುಂತಾಂವ ಸುಮ್ಮ ಕುಂಡ್ರತಾನೇನು, ಅವ್ವನ ತಲಿ ತಿನ್ನಾಕ ಹತ್ತಿದ. ಸಾರಿಗೆ ಉಪ್ಪು ಹೆಚ್ಚಾತು, ಬಾಗಲಾ ಕಿರ್ ಅನ್ನಾಕತ್ತೈತಿ, ಹಿಂಗ. ಆಮ್ಯಾಲ ಒಂದ ದಿನ ತಾಡಪತ್ರಿ ತಗದು ಗಾಡಿ ಮುಂದ ನಿಂತ. ಅವ್ವ ನನಗ ಫೋನ್ ಮಾಡಿ, "ನನ್ನ ಬಿಟ್ಟ ನೋಡವಾ, ಗಾಡಿ ಹಿಡದ" ಅಂತ ನಕ್ಕಳು. ಇಂಜಿನ್ನು ಶುರು ಆತು, ಬಾಡಿಗೆ ಬಣ್ಣ ಆತು. ಬಾಡಿ ತಂದು ಚಾಸಿ ಮ್ಯಾಲ ಇಟ್ಟರು. ಇನ್ನ ಕೂಡಸೂಣಂದ್ರ ಬೋಲ್ಟ ಅದಾವು, ನಟ್ಟ ಎಲ್ಲಿ?

"ನಟ್ಟ ಏನ್ ದೊಡ್ಡ ಮಾತಪ್ಪಾ, ನನ್ನ ಅಂಗಡ್ಯಾಗ ಪೋತೇಗಟ್ಟಲೆ, ಚೀಲಗಟ್ಟಲೆ ಅದಾವು" ಅಂತ ದಿಮಾಕಿಲೆ ಅಂದೆ. ಅಂದು ಕೆಟ್ಟೆ. ಲೂಮಿನ ನಟ್ಟಿನ ಆಟೆ, ಅಂದ್ರ ಒಳಗಿನ ಸುತ್ತು, ದಪ್ಪ. ಈ ಗಾಡಿ ಬೋಲ್ಟಿಂದು ಸಣ್ಣ, ಅದರ ಹಲ್ಲಿನ ಓರೇನೂ ಬ್ಯಾರೆ. ಒಂದ ಬೋಲ್ಟ ಪರ್ಸಿನ್ಯಾಗ ಹಾಕ್ಕೊಂಡು ಇಚಲಕರಂಜಿ ಎಲ್ಲಾ ತಿರಗಿದೆ. ಕೊಲ್ಲಾಪುರಕ್ಕ ಹೋಗಿ ಗುಜರಿಯವರ ರಾಶಿಯೊಳಗ ಕೈ ಹಾಕಿ ಹುಡುಕಿದೆ. ಒಬ್ಬ ಅಂಗಡಿಯಾಂವ ಬೋಲ್ಟ ಬೆಳಕಿಗೆ ಹಿಡದು ನೋಡಿ, "ತಾಈ, ಹೇ ಆತಾ ಕುಠಂ ಮಿಳಣಾರ?" ಅಂತ ನಕ್ಕ. ಇದು ಈಗ ಎಲ್ಲಿ ಸಿಗಬೇಕು ಅಂತ. ನಗೋದ್ರಾಗ ಏನೈತೋ ಭಾಡ್ಯಾ ಅಂತ ಬಾಯಿತನಾ ಬಂದಿತ್ತು, ನುಂಗಿಕೊಂಡೆ.

ಕಡೀಕ ಉದ್ಯಮನಗರದಾಗ ಒಬ್ಬ ಲೇಥಿನಾಂವ, "ಮಾಡಿ ಕೊಡತೇನ್ರಿ" ಅಂದ. ಚಂದ ಮಾಡಿದ್ದ ಪಾಪ, ಬೆಳ್ಳಿಗತೆ ಹೊಳೀತಿತ್ತು. ಮನಿಗೆ ತಂದು ಅಪ್ಪ ಬೋಲ್ಟಿಗೆ ಹಚ್ಚಿ ತಿರುವಿದ. ಸ್ವಲ್ಪ ಹ್ವಾದಂಗ ಮಾಡಿ ಗಚ್ಚನ ಹಿಡೀತು. ಮುಂದಕ್ಕೂ ಬರವಲ್ಲದು, ಹಿಂದಕ್ಕೂ ಬರವಲ್ಲದು. ಜೋರ ಮಾಡಿ ತಗದ್ರ ಬೋಲ್ಟಿನ ಆಟೇನ ಕಿತ್ತು ಬಂತು. ಅಪ್ಪ ಬಯ್ಯಲಿಲ್ಲ. ಬೈದಿದ್ರ ನನಗ ಹಗೂರ ಅನಸತಿತ್ತು. ಆ ಕೆಟ್ಟ ಬೋಲ್ಟ ಅಂಗೈಯಾಗ ಇಟ್ಕೊಂಡು, "ಅಂವ ಇಟ್ಟಾನೋ, ಗುಜರಿಗೆ ಹಾಕ್ಯಾನೋ" ಅಂದ. ತಮ್ಮನ ಸುದ್ದಿ ಅವನ ಬಾಯಾಗ ಬಂದಿದ್ದು ನಾ ಕೇಳಿದ್ದು ಅದ ಮೊದಲು.

ಅವತ್ತ ಅವ್ವ ನನ್ನ ಹಿತ್ತಲಕ್ಕ ಕರದು ಹೇಳಿದಳು. "ನೀ ಶಾಣ್ಯಾಕಿ ಅಂತ ತಿಳದಿದ್ದೆ. ಗಾಡಿ ಯಾರಿಗೆ ಬೇಕಾಗೇತಿ? ತಮ್ಮ ಬೇಕಾಗ್ಯಾನ ಅವಂಗ. ಇಬ್ಬರಿಗೂ ವಯಸ್ಸಾತು. ಒಬ್ಬಂವ ಸತ್ತ ಮ್ಯಾಲ ಇನ್ನೊಬ್ಬಂವ ಬಂದು ಹೆಣದ ಮುಂದ ಕುಂತು ಮಾತಾಡಿದ್ರ ಏನ್ ಬಂತು?" ಮರುದಿನ ಅಪ್ಪಗ ಹೇಳಲಾರದ ಗಡಹಿಂಗ್ಲಜದ ಬಸ್ ಹತ್ತಿದೆ.

ಕಾಕಾ ಬಾಗಲದಾಗ ಕುಂತು ಶೇಂಗಾ ಸುಲೀತಿದ್ದ. ನನ್ನ ನೋಡಿ, "ಯಾರೂ ಹೋಗ್ಯಾರೇನವಾ?" ಅಂತ ಗಾಬರಿ ಆಗಿ ಎದ್ದ. ನೋಡ್ರಿ, ನಮ್ಮ ಮನಿಯವರು ಬಂದ್ರ ಸಾವಿನ ಸುದ್ದೀನ ತರತಾರಂತ ಅವನ ತಲ್ಯಾಗ ಕುಂತಿತ್ತು! "ಎಲ್ಲಾರೂ ಗುಂಡಕಲ್ಲಿನಂಗ ಅದಾರ ಕಾಕಾ. ನಟ್ಟ ಕೇಳಾಕ ಬಂದೇನಿ" ಅಂದೆ. ಅಂವ ಮೈಮ್ಯಾಲಿನ ಶೇಂಗಾ ಸಿಪ್ಪಿ ಝಾಡಿಸಿ ಒಳಗ ಹ್ವಾದ.

ಹೊರಗ ಬರೂದ್ರಾಗ ಅದ ಬಿಸ್ಕೀಟಿನ ಡಬ್ಬಿ ತಂದಿದ್ದ. ಮುಚ್ಚಳಾ ತಗದ್ರ ನಟ್ಟ ಎಲ್ಲಾ ಎಣ್ಯಾಗ ಮುಳುಗಿದ್ವು. ವರ್ಷಾ ಎಣ್ಣಿ ಬದಲಿ ಮಾಡತಾನ ಅಂತ ಕಾಕಾನ ಹೇಣ್ತಿ, ನಮ್ಮ ಕಾಕು, ಹೇಳಿದಳು. ಅದರ ಜೋಡಿ ಒಂದು ಅರಬಿ ಗಂಟು. ಬಿಚ್ಚಿದ್ರ ಒಳಗ ಬೋಲ್ಟ! ಯಾಂವೋ ಲೇಥಿನಾಂವನ ಕಡಿಂದ ಮಾಡಿಸಿದ್ದು, ಒಂದೂ ಸರಿ ಬಂದಿಲ್ಲ, ನಟ್ಟ ಒಂದ ಸುತ್ತೂ ಹತ್ತಂಗಿಲ್ಲ. "ಅಣ್ಣ ಯಾವಾಗರೆ ಗಾಡಿ ಕಟ್ಟಿದ್ರ, ಅವನ ಡಬ್ಬ್ಯಾಗಿನ ಬೋಲ್ಟ ತುಕ್ಕ ಹಿಡದಿದ್ರ, ಇರಲಿ ಅಂತ ಮಾಡಸಾಕ ಹೋಗಿದ್ದೆ" ಅಂದ ಕಾಕಾ, ನೆಲಾ ನೋಡಕೋತ. ಅಲ್ಲಿ ಅಪ್ಪ ನಟ್ಟ ಮಾಡಸಾಕ ಹತ್ಯಾನ, ಇಲ್ಲಿ ಇಂವ ಬೋಲ್ಟ ಮಾಡಿಸ್ಯಾನ. ಬಸ್ಸಿನ ಹಾದಿಯಷ್ಟ ದೂರದಾಗ ಇಬ್ಬರೂ ಶಾಣ್ಯಾರು! ನನಗ ನಗೂನೂ ಬಂತು, ಕಣ್ಣಾಗ ನೀರೂ ಬಂತು.

"ಹಂಗಾರ ಕೊಡು, ಒಯ್ಯತೇನಿ" ಅಂತ ಡಬ್ಬಿಗೆ ಕೈ ಹಚ್ಚಿದೆ. ಕಾಕಾ ಹಿಂದಕ್ಕ ಜಗ್ಗಿಕೊಂಡ. "ಇಲ್ಲ. ಯಾರರೆ ಅಡ್ಡಾದಿಡ್ಡಿ ಹಚ್ಚಿ ಆಟೆ ಹಾಳ ಮಾಡತಾರ. ಇವು ಇನ್ನ ಸಿಗೂವಲ್ಲ. ನಾನ ಬಂದು ಹಚ್ಚತೇನಿ." ಮಾರಿ ಗಂಟ ಹಾಕ್ಕೊಂಡ ಹೇಳಿದ. ಅಯ್ಯ ನನ ಶಿವನ, ಬಾರೋ, ಅದಕ್ಕ ಬಂದೇನಿ ಅಂತ ಮನಸಿನ್ಯಾಗ ಅಂದ್ಕೊಂಡು, ಮ್ಯಾಲ, "ಹಂಗ ಮಾಡು" ಅಂತ ಅಷ್ಟ ಅಂದೆ.

ಐತವಾರ ಮುಂಜಾನೆ ಕಾಕಾ ಬಂದ, ಡಬ್ಬಿ ಎದೀಗೆ ಅವಚಿಕೊಂಡು. ಅವ್ವ ಓಡಿ ಬಂದು ನೀರ ಕೊಟ್ಟಳು. "ಆರಾಮೇನ್ರಿ ವೈನಿ" ಅಂತ ಅವ್ವನ್ನ ಕೇಳಿದ. ಅಪ್ಪ ಗಾಡಿ ಕಡೇನ ಮಾರಿ ಮಾಡಿ, "ನಟ್ಟ ಬಂದಾವೇನು?" ಅಂತ ನನ್ನ ಕೇಳಿದ. ತಮ್ಮ ಬಂದಾನೇನು ಅನ್ನಲಿಲ್ಲ. ನನಗ ಮೈಯೆಲ್ಲಾ ಉರೀತು. "ನಡಕೋತ ಬಂದಾವಪ್ಪಾ, ಪಾಪ ದಣದಾವು" ಅಂದೆ. ಅವ್ವ ನನ್ನ ಕೈ ಚಿವುಟಿದಳು.

ಬಾಡಿ ಕೂಡಸೋದು ಒಬ್ಬರ ಕೈಲೆ ಆಗೂ ಕೆಲಸಲ್ಲ. ಒಬ್ಬರು ಗಾಡಿ ಒಳಗ ಕುಂತು ಬೋಲ್ಟಿನ ತಲಿ ಪಾನಾದಾಗ, ಅಂದ್ರ ಸ್ಪ್ಯಾನರಿನ್ಯಾಗ, ಗಟ್ಟಿ ಹಿಡೀಬೇಕು, ಇನ್ನೊಬ್ಬರು ಗಾಡಿ ತಳಗ ಮಲಗಿ ನಟ್ಟ ತಿರುವಬೇಕು. ಅಪ್ಪನ ಮಂಡಿಗೆ ತಳಗ ಹೋಗೋದು ಆಗಂಗಿಲ್ಲ. ಕಾಕಾ ತಾನ ಒಂದ ಪೋತೆ ಹಾಸಿ ತಳಗ ಸರದ. ಹಿಡಿ ಅನ್ನೂದರ ಬದಲಿ ಕಾಕಾ ತಳಗಿಂದ ಚಾಸಿಗೆ ಟಣ್ ಅಂತ ಬಡದ. ಅಪ್ಪಗ ಏನ ತಿಳೀತೋ ಏನೋ, ಹಿಡಿಯೋದು ಬಿಟ್ಟು ತಿರುವಿದ. ಕಾಕಾನ ಬೆರಳಿಗೆ ಪಾನಾ ಜಾರಿ ಬಡೀತು.

"ಹಿಡಿ ಅಂದ್ರ ಹಿಡೀಬೇಕು, ತಿರುವಬಾರದು!" ತಳಗಿಂದ ಒದರಿದ ಕಾಕಾ.

ಅಪ್ಪ ಪಾನಾ ಎರಡೂ ಕೈಲೆ ಹಿಡದ. "ಹಿಡದೇನಿ" ಅಂದ. ಆಮ್ಯಾಲ, "ಭಾಳ ಬಡೀತೇನು?" ಅಂದ.

"ಇಲ್ಲ ಬಿಡು."

ಅಲ್ಲಿಂದ ಶುರು ಆತು. ಹಿಡಿ, ಬಿಡು, ಇನ್ನ ಸ್ವಲ್ಪ, ಸಾಕು. ಒಂದೊಂದ ಬೋಲ್ಟಿಗೂ ಅವೇ ನಾಕ ಮಾತು. ಒಬ್ಬರ ಮಾರಿ ಒಬ್ಬರಿಗೆ ಕಾಣವಲ್ಲದು, ಅದಕ್ಕ ಇಬ್ಬರಿಗೂ ಧೈರ್ಯಾ ಬಂದಿತ್ತಂತ ನನಗ ಅನಸ್ತೈತಿ. ಊಟದ ಹೊತ್ತಾದ್ರೂ ಇಬ್ಬರೂ ಹೊರಗ ಬರಲಿಲ್ಲ. ಕೆಟ್ಟ ಬೋಲ್ಟಿನ ಜಾಗಾ ಒಂದು ಖಾಲಿ ಬಿಟ್ಟು ಉಳದಾವೆಲ್ಲಾ ಕುಂತ್ವು.

"ಆತು," ತಳಗಿಂದ ಕಾಕಾ ಅಂದ. "ಇದ ಕಡೀದು. ಬಿಗೀ ಆತು."

ಅಪ್ಪ ಏಳಲಿಲ್ಲ. ಪಾನಾ ಬೋಲ್ಟಿನ ತಲಿಗೆ ಹಚ್ಚಿ ಜಗ್ಗಿ ನೋಡಿದ. ನಾ ಗಾಡಿ ಬಾಗಲದಾಗ ನಿಂತು ನೋಡಾಕತ್ತಿದ್ದೆ, ಅದು ಕೂದಲೆಳಿಯಷ್ಟೂ ಅಳ್ಳಾಡಲಿಲ್ಲ.

"ಇಲ್ಲಲೇ," ಅಂದ ಅಪ್ಪ. "ಸರಿ ಕುಂತಿಲ್ಲಿದು. ಬಿಚ್ಚು, ಮತ್ತೊಮ್ಮೆ ಹಚ್ಚೂಣು."

ತಳಗ ಕಾಕಾನೂ ನಟ್ಟಿಗೆ ಪಾನಾ ಹಚ್ಚಿ ಜಗ್ಗಿ ನೋಡಿದ ಸಪ್ಪಳಾ ಆತು. ಆಮ್ಯಾಲ ಕಾಕಾನ ದನಿ ಬಂತು.

"ಹೌದ ಅಣ್ಣಾ, ಸರಿ ಕುಂತಿಲ್ಲ. ಎಲ್ಲಾನೂ ಬಿಚ್ಚೂಣೇನು?"