ಅಕ್ಕ ಅಂದಲ್ಲಿಗೆ ನಿಂತ ಅಳು

ಮೈಮೇಲೆ ಬರುವುದನ್ನು ನಾನು ಎಂದೂ ನಂಬಿದವಳಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ಒಬ್ಬ ಹೆಂಗಸಿನ ಮೈಮೇಲೆ ಶುಕ್ರವಾರಕ್ಕೊಮ್ಮೆ ದೇವಿ ಬರುತ್ತಿದ್ದಳು. ಮರುದಿನ ನಾನು ಆಕೆಯ ಹಾಗೆಯೇ ಕೂದಲು ಹರವಿಕೊಂಡು ಕುಣಿದು ಗೆಳತಿಯರನ್ನು ನಗಿಸುತ್ತಿದ್ದೆ, ಅವ್ವನಿಂದ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆ. ನನ್ನ ಮೊದಲ ಅಭಿನಯ ಅದೇ ಇರಬೇಕು. ಮುಂದೆ ಧಾರಾವಾಹಿಗೆ ಬಂದ ಮೇಲೂ, ಜೊತೆಯ ನಟಿಯರು ಸಂದರ್ಶನದಲ್ಲಿ ಕೂತು ‘ಪಾತ್ರ ನನ್ನೊಳಗೆ ಹೊಕ್ಕುಬಿಟ್ಟಿತ್ತು’ ಎಂದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಮ್ಮಪ್ಪ ನಲವತ್ತು ವರ್ಷ ಮಗ್ಗದ ಮುಂದೆ ಕೂತವನು. ಒಂದು ದಿನವೂ ಸೀರೆ ತನ್ನೊಳಗೆ ಹೊಕ್ಕಿತು ಅನ್ನಲಿಲ್ಲ. ಕೆಲಸ ಅಂದರೆ ಕೆಲಸ.

ಟೀವಿಯ ಕೆಲಸ ಹೇಗೆಂದು ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮಾತುಗಳು ನಮ್ಮ ಫೋನಿಗೆ ಬರುವುದೇ ಅವತ್ತು ಬೆಳಿಗ್ಗೆ. ಬಾಯಿಪಾಠ ಮಾಡಲು ಪುರುಸೊತ್ತಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ಸಹಾಯಕ ನಿರ್ದೇಶಕರು ಹಾಳೆ ಹಿಡಿದು ಒಂದೊಂದೇ ಸಾಲು ಓದುತ್ತಾರೆ. ನಾವು ಅದನ್ನು ಕೇಳಿಸಿಕೊಂಡು, ಭಾವ ಹಚ್ಚಿ ಹೇಳುತ್ತೇವೆ. ಅಳು ಬೇಕಾದರೆ ಕಣ್ಣಿಗೆ ಗ್ಲಿಸರಿನ್. ಎಂಟು ವರ್ಷ ಹೀಗೇ ಅತ್ತೆ, ಜನ ಮೆಚ್ಚಿದರು.

ಅಪ್ಪ ತೀರಿಕೊಂಡ ದಿನ ಮಾತ್ರ ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ‘ಟೀವಿಯೊಳಗ ದಿನಾ ಅಳತಾಳ, ಹೆತ್ತ ಅಪ್ಪ ಹೋದರ ಒಂದು ಹನಿ ಇಲ್ಲ ನೋಡ್ರಿ’ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ದಿನಾ ಸುಳ್ಳು ಅಳು ಅತ್ತು ಖರೆ ಅಳು ಬತ್ತಿಹೋಯಿತೇ ಎಂದು. ಅಂದಿನಿಂದ ರಾತ್ರಿ ನಿದ್ದೆ ಹತ್ತದು, ಹಗಲು ಕೂತಲ್ಲಿ ಕೂರಲಾಗದು. ಕನ್ನಡಿಯ ಮುಂದೆ ನಿಂತು ಸುಮ್ಮನೆ ಅಳಲು ನೋಡುತ್ತಿದ್ದೆ. ನಗು ಬರುತ್ತಿತ್ತು.

ಅದಾಗಿ ಮೂರು ತಿಂಗಳಿಗೆ ನಮ್ಮ ಚಿತ್ರೀಕರಣ ಶಿರಹಟ್ಟಿಗೆ ಬಂತು. ಹೊಲಮನೆ ಇದ್ದವರ ಒಂದು ಹಳೆಯ ದೊಡ್ಡ ಮನೆಯನ್ನು ಐದು ದಿನ ಬಾಡಿಗೆಗೆ ಹಿಡಿದಿದ್ದರು. ಮನೆಯ ಹಿರಿಯರು ಗಂಗಮ್ಮ, ಎಂಬತ್ತರ ಆಸುಪಾಸು. ದೇವರ ಕೋಣೆಗೆ ಮಾತ್ರ ಕಾಲಿಡಬೇಡಿ ಎಂದು ಹೇಳಿ, ದಿನವಿಡೀ ಪಡಸಾಲೆಯ ಕಂಬಕ್ಕೆ ಒರಗಿ ಕೂತು ನಮ್ಮ ಆಟ ನೋಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ.

ಮೂರನೆಯ ದಿನ ಮಧ್ಯಾಹ್ನ ಆ ಪಡಸಾಲೆಯಲ್ಲೇ ನನ್ನ ದೃಶ್ಯ. ನನ್ನ ಪಾತ್ರದ ಒಂದು ವರ್ಷದ ಹೆಣ್ಣುಮಗು ಜ್ವರದಿಂದ ತೀರಿಕೊಂಡಿದೆ. ಬಟ್ಟೆಯಲ್ಲಿ ಸುತ್ತಿದ ಗೊಂಬೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಅಳಬೇಕು. ನಮ್ಮ ಕಡೆ ಹೆಂಗಸರು ಹೆಣದ ಪಕ್ಕ ಕೂತು, ಸತ್ತವರ ಹೆಸರು ಹಿಡಿದು, ಅವರ ಗುಣ ಹೇಳಿಕೊಂಡು ಹಾಡಿ ಹಾಡಿ ಅಳುತ್ತಾರೆ. ಬೆಂಗಳೂರಿನ ನಿರ್ದೇಶಕರಿಗೆ ಅದೇ ಬೇಕಾಗಿತ್ತು. ಅವರ ಲೇಖಕರು ನಾಲ್ಕು ಸಾಲು ಬರೆದು ಕಳಿಸಿದ್ದರು, ಅಳುವವರ ಬಾಯಲ್ಲಿ ಎಂದೂ ಬಾರದಂಥವು.

ಮೊದಲ ಎರಡು ಸಾಲು ಓದಿದ ಹಾಗೇ ಹೇಳಿದೆ. ಆಮೇಲೆ ಸಹಾಯಕರ ತುಟಿ ಆಡುವುದು ಕಾಣುತ್ತಿತ್ತು, ದನಿ ಕೇಳಲಿಲ್ಲ. ನನ್ನ ದನಿ ಮಾತ್ರ ಕೇಳುತ್ತಿತ್ತು. ಅದು ದಪ್ಪಗಾಗಿತ್ತು, ನಾನು ಹಿಡಿಯದ ಧಾಟಿಯಲ್ಲಿತ್ತು. ‘ಬಸಣ್ಣಾ, ಬಾನಿ ತುಂಬಿಟ್ಟ ಕೈ ನಂದೈತೋ ನನ ಮಗನ. ನಿನ್ನ ಕಾಯಾಕ ಅಕ್ಕನ್ನ ಕುಂದ್ರಿಸಿ ಹೋಗಿದ್ನೋ, ಆ ಅಕ್ಕ…’

‘ಕಟ್’ ಎಂದರು ನಿರ್ದೇಶಕರು. ‘ಯಾವ ಬಸಣ್ಣ ಮೇಡಂ? ಯಾವ ಅಕ್ಕ? ಮಗು ಹೆಣ್ಣು, ಸತ್ತಿದ್ದು ಜ್ವರದಿಂದ!’ ಎಂದು ಕೂಗಾಡಿದವರು, ಪರದೆಯಲ್ಲಿ ಅದನ್ನೇ ಇನ್ನೊಮ್ಮೆ ಹಾಕಿ ನೋಡಿ, ಮತ್ತೆ ತೆಗೆಯುವುದು ಬೇಡ ಎಂದರು. ನನ್ನ ಮುಖವೆಲ್ಲ ತೊಯ್ದಿತ್ತು. ಗ್ಲಿಸರಿನ್ ಹಾಕುವುದನ್ನು ಮೇಕಪ್ಪಿನವರು ಮರೆತಿದ್ದರು, ಬಾಟಲಿ ಡಬ್ಬಿಯಲ್ಲೇ ಇತ್ತು. ಆ ಅಳುವನ್ನೇ ಇಟ್ಟುಕೊಂಡರು. ಮಾತು ಕೇಳದಂತೆ ಮೇಲೆ ಸಂಗೀತ ಹೊದಿಸಿ ಪ್ರಸಾರ ಮಾಡಿದರು. ನನಗೆ ಅತಿ ಹೆಚ್ಚು ಹೆಸರು ತಂದ ದೃಶ್ಯ ಅದು. ಜನ ಹೊಗಳಿದಾಗಲೆಲ್ಲ ಕದ್ದ ಮಾಲು ಕೈಯಲ್ಲಿದ್ದಂತೆ ಅನಿಸುತ್ತದೆ.

ಯಾಕೆಂದರೆ ಅವತ್ತು ಎಲ್ಲರೂ ಚಹಾಕ್ಕೆ ಎದ್ದಾಗ ಗಂಗಮ್ಮ ಗೋಡೆ ಹಿಡಿದು ನಡೆದುಬಂದು ನನ್ನ ಎದುರು ಕೂತರು. ಬಸಣ್ಣ ಅವರ ತಮ್ಮ. ಅವರಿಗೆ ಏಳು ವರ್ಷವಿದ್ದಾಗ, ಕೂಸು ನೋಡಿಕೊ ಎಂದು ತಾಯಿ ಹೇಳಿ ಹೋಗಿದ್ದಳು. ಇವರು ಹರಳು ಎಸೆದು ಹಿಡಿಯುವ ಆಣಿಕಲ್ಲಿನ ಆಟ ಆಡುತ್ತ ಮೈಮರೆತರು. ಅಂಬೆಗಾಲಿಡುವ ಕೂಸು ಹಿತ್ತಲಿನ ನೀರಿನ ಬಾನಿಗೆ ಬಿತ್ತು. ತಾಯಿ ಅದೇ ಪಡಸಾಲೆಯಲ್ಲಿ ಕೂತು ಹಾಡಿ ಅತ್ತಳು. ಇವರು ಅಟ್ಟದ ಮೇಲೆ ಅಡಗಿದ್ದರು.

‘ಅಕ್ಕ ಅಂದಕೂಡಲೆ ನಾ ಎರಡೂ ಕೈಲೆ ಕಿವಿ ಮುಚ್ಚಿಕೊಂಡೆವ್ವಾ. ಮುಂದ ನಮ್ಮವ್ವ ಏನಂದ್ಲೋ ನನಗ ಗೊತ್ತಿಲ್ಲ. ಸಾಯೂತನಕ ಒಂದು ದಿನ ಬೈಲಿಲ್ಲ, ಹೋಗಲಿ ಬಿಡು ಅಂತನೂ ಅನಲಿಲ್ಲ. ತಮ್ಮ ಇಲ್ಲಂತ ಮನಿ ಅಳಿಯನ್ನ ತಂದ್ರು, ಈ ಮನಿ ನಂದಾತು.’

ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಬಸಣ್ಣ ಎಂಬ ಹೆಸರು ನಮ್ಮ ಕಡೆ ಮನೆಗೊಂದು. ಬಾನಿಯೂ ಇದ್ದದ್ದೇ. ಚಿಕ್ಕವಳಿದ್ದಾಗ ಎಲ್ಲೋ ಇಂಥದೇ ಅಳು ಕೇಳಿರಬಹುದು. ಮನೆಯವರು ಮಾತಾಡಿಕೊಂಡದ್ದು ಕಿವಿಗೆ ಬಿದ್ದಿರಬಹುದೆಂದು ಕೇಳಿಯೂ ನೋಡಿದೆ. ಗಂಗಮ್ಮನ ಸೊಸೆಗೆ, ತನ್ನ ಅತ್ತೆಗೆ ಒಬ್ಬ ತಮ್ಮನಿದ್ದ ಎಂಬುದೇ ಗೊತ್ತಿರಲಿಲ್ಲ. ಅಪ್ಪನಿಗಾಗಿ ಬಾರದ ನೀರು ಯಾರದೋ ಕೂಸಿಗೆ ಯಾಕೆ ಬಂತು? ಇದಕ್ಕೆ ಯಾವ ಲೆಕ್ಕವೂ ಇಲ್ಲ.

ಇನ್ನೊಂದು ಮಾತನ್ನು ನಾನು ಯಾರಿಗೂ ಹೇಳಿಲ್ಲ. ಗಂಗಮ್ಮ ನನ್ನ ಕೈ ಹಿಡಿದು ‘ಅಕ್ಕ ಅಂದ ಮ್ಯಾಲ ಏನಂದ್ಲು? ಅಷ್ಟ ಹೇಳವ್ವಾ’ ಅಂದರು. ಒಳಗೆ ತಡಕಿ ನೋಡಿದೆ, ಏನೂ ಇರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆ ಮುಖ ನೋಡಿ ಎನ್ನಲಾಗಲಿಲ್ಲ. ನಾನು ನಟಿ. ಕಣ್ಣು ಮುಚ್ಚಿದೆ, ದನಿ ದಪ್ಪ ಮಾಡಿದೆ, ಅದೇ ಧಾಟಿ ಹಿಡಿದೆ. ‘ಆ ಅಕ್ಕನೂ ಕೂಸ ಐತೋ ನನ ಮಗನ, ಅಕೀ ಮ್ಯಾಲ ಸಿಟ್ಟಾಗಬ್ಯಾಡೋ’ ಎಂದು ಹಾಡಿದೆ. ಕಣ್ಣಲ್ಲಿ ನೀರೂ ಬಂತು. ಇಷ್ಟು ಚೆನ್ನಾಗಿ ನಾನು ಯಾವ ಕ್ಯಾಮೆರಾದ ಮುಂದೆಯೂ ಮಾಡಿಲ್ಲ.

ಅವರು ಪೂರ್ತಿ ಕೇಳಿದರು. ಸೆರಗಿನಿಂದ ನನ್ನ ಕಣ್ಣು ಒರೆಸಿದರು.

‘ಚಲೋ ಅಂದಿ, ನನ್ನವ್ವಾ. ಆದರ ಇದು ನೀ ಅಂದದ್ದು’ ಎಂದರು. ಮೆಲ್ಲಗೆ ಎದ್ದು ಒಳಗೆ ಹೋದರು. ಮೊದಲಿನದು ಯಾರು ಅಂದದ್ದೆಂದು ಅವರೂ ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.