ಪವಾಯಿ ಈಸ್ಟೋ ವೆಸ್ಟೋ

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗ್ರಾಂಟ್ ರೋಡಿನ ನಮ್ಮ ಸಣ್ಣ ಕಂಪನಿಯಲ್ಲಿ ಮುಂಬೈ ಕಟ್ಟಡಗಳ ವಿಳಾಸಗಳೆಲ್ಲ ಡೇಟಾಬೇಸಿನ ಟೇಬಲ್ಲುಗಳಲ್ಲಿದ್ದವು. ಅವು ನನ್ನ ಉಸ್ತುವಾರಿ. ಅವೇ ಕಟ್ಟಡಗಳ ನಕ್ಷೆ ಮಾತ್ರ ಡ್ರಾಯಿಂಗ್ ಸೆಕ್ಷನ್ನಿನ ಕಂಪ್ಯೂಟರಿನಲ್ಲಿ, ಬೇರೆಯದೇ ಬಗೆಯ ಫೈಲುಗಳಲ್ಲಿ. ನನ್ನ ಡೇಟಾಬೇಸಿಗೆ ಅವುಗಳ ತಲೆಬುಡ ತಿಳಿಯುತ್ತಿರಲಿಲ್ಲ. ಫ್ಲಾಪಿಯಲ್ಲಿ ತಂದು, ರೂಪ ಬದಲಿಸಿ, ಟೇಬಲ್ಲಿಗೆ ತುಂಬುವುದು ನನ್ನ ಕೆಲಸ. ತುಂಬಿ ಮುಗಿಸುವಷ್ಟರಲ್ಲಿ ಆ ಸೆಕ್ಷನ್ನಿನವರು ನಕ್ಷೆ ತಿದ್ದಿರುತ್ತಿದ್ದರು. ಮತ್ತೆ ಮೊದಲಿನಿಂದ. ಬೇಸರದ ಕೆಲಸವೇ, ಆದರೆ ನನ್ನನ್ನು ಬಿಟ್ಟರೆ ಯಾರಿಗೂ ಬಾರದ ಕೆಲಸ. ಕಂಪನಿ ತೆರೆಯಲಿದ್ದ ಹೊಸ ನಕ್ಷೆ ವಿಭಾಗಕ್ಕೆ ನಾನೇ ಮುಖ್ಯಸ್ಥನೆಂದು ಹೆಂಡತಿ ಆಂಟಾಪ್ ಹಿಲ್ಲಿನ ನಮ್ಮ ಬಿಲ್ಡಿಂಗಿಗೆಲ್ಲ ಹೇಳಿಯಾಗಿತ್ತು.

ಅಷ್ಟರಲ್ಲಿ ಧಾರವಾಡದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು. ನನ್ನ ಫ್ಲಾಪಿಗಳನ್ನು ಕೆಲವು ದಿನ ನೋಡಿ ಕೇಳಿದಳು: "ನಕಾಶಿ ಅಲ್ಲೇ ಇರಲಿ ಬಿಡ್ರಿ ಸರ್. ಇಲ್ಲಿಗೆ ಹೊತ್ತು ತರೋದ್ಯಾಕ? ಬೇಕಾದಾಗ ಅಲ್ಲೇ ಓದಿದ್ರಾತು."

"ಅದೆಲ್ಲ ಆಗಲ್ಲಮ್ಮ," ಅಂದೆ.

ಆಯಿತು. ಅವಳೇ ಮಾಡಿ ತೋರಿಸಿದಳು. ಡೇಟಾಬೇಸಿನಲ್ಲಿ ಟೇಬಲ್ಲಿನ ಹೆಸರೊಂದಿತ್ತು, ಒಳಗೆ ಏನೂ ಇರಲಿಲ್ಲ. ಪ್ರಶ್ನೆ ಕೇಳಿದರೆ ಅವಳ ಪ್ರೋಗ್ರಾಂ ಡ್ರಾಯಿಂಗ್ ಸೆಕ್ಷನ್ನಿನ ಕಂಪ್ಯೂಟರಿನ ನಕ್ಷೆ ಫೈಲನ್ನೇ ತೆರೆದು, ಬೇಕಾದಷ್ಟನ್ನು ಸಾಲುಸಾಲಾಗಿ ತಂದಿಡುತ್ತಿತ್ತು. ಬೆಳಿಗ್ಗೆ ತಿದ್ದಿದ ನಕ್ಷೆ ಆ ಕ್ಷಣವೇ ಇಲ್ಲಿ ಸಿಗುತ್ತಿತ್ತು. ಎಲ್ಲರೂ ಅವಳ ಮೇಜಿನ ಸುತ್ತ ನಿಂತರು. ನನಗೆ ಹೊಟ್ಟೆ ಉರಿಯಿತು. ಉಡುಪಿ ಹೋಟೆಲಿಗೆ ಒಬ್ಬನೇ ಹೋಗಿ ಕೂತೆ. ಇಷ್ಟು ವರ್ಷ ಇದು ನನಗೆ ಯಾಕೆ ಹೊಳೆಯಲಿಲ್ಲ?

ಗಿರಾಕಿಗಳಿಗೆ ಅವಳ ಪ್ರೋಗ್ರಾಂ ತೋರಿಸುವ ದಿನ ಬಂತು. ಎಲ್ಲಾದರೂ ಎಡವಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತು ಹಿಂದೆ ನಿಂತಿದ್ದೆ. ಎಡವಿತು. ನಕ್ಷೆಯಲ್ಲಿ, ಎರಡು ರೈಲು ಮಾರ್ಗಗಳ ನಡುವೆ ಇರುವ ಪವಾಯಿಯ ಒಂದು ಕಟ್ಟಡ ಆರಿಸಿದರೆ ಎರಡು ವಿಳಾಸ ಬಂದವು. ಒಂದು ಅಂಧೇರಿ ಈಸ್ಟ್, ಇನ್ನೊಂದು ಕಾಂಜೂರ್ ವೆಸ್ಟ್.

ನಮ್ಮ ಕಂಪನಿಯ ಸಾಹೇಬರ ಮುಖ ಕಪ್ಪಿಟ್ಟಿತು. "ಅರೇ, ಪವಾಯಿ ಈಸ್ಟ್ ಮೇ ಹೈ ಯಾ ವೆಸ್ಟ್ ಮೇ?"

ನನ್ನ ಖುಷಿ ಅಲ್ಲೇ ಆರಿತು. ವಿಳಾಸದ ಟೇಬಲ್ ನನ್ನದು. ಕಟ್ಟಡದ ಮಾಲೀಕರು ಒಮ್ಮೆ ಹಾಗೆ, ಒಮ್ಮೆ ಹೀಗೆ ಬರೆದುಕೊಟ್ಟಿದ್ದನ್ನು ಎರಡು ಸಲ ತುಂಬಿದವನೂ ನಾನೇ. ಅವಳಿಗೆ ಅದು ಗೊತ್ತಿತ್ತು. ನನ್ನ ಕಡೆ ಬೆರಳು ತೋರಿಸಿದ್ದರೆ ಅವಳ ಮೇಲೆ ನನಗಿದ್ದ ಸಿಟ್ಟಿಗೊಂದು ಅರ್ಥವಾದರೂ ಇರುತ್ತಿತ್ತು.

"ದೋನೋ ಸಹೀ ಹೈ ಸರ್," ಅಂದಳು. "ಅಂಧೇರಿ ಸ್ಟೇಷನ್ ಸೇ ಆವೋ ತೋ ಈಸ್ಟ್, ಕಾಂಜೂರ್ ಸೇ ಆವೋ ತೋ ವೆಸ್ಟ್. ನಕ್ಷೇ ಕೋ ಸ್ಟೇಷನ್ ಮಾಲೂಮ್ ನಹೀ."

ಎರಡೂ ಸರಿಯೇ, ಯಾವ ಸ್ಟೇಷನ್ನಿಂದ ಬಂದಿರಿ ಎನ್ನುವುದು ನಕ್ಷೆಗೆ ಗೊತ್ತಿಲ್ಲ ಅಷ್ಟೇ ಎಂಬ ಮಾತಿಗೆ ಗಿರಾಕಿಗಳು ನಕ್ಕರು. ಮುಂಬೈಯಲ್ಲಿ ದಿಕ್ಕು ಹೇಳುವುದು ಸೂರ್ಯನಲ್ಲ, ರೈಲು ಹಳಿ ಎಂದು ಬಲ್ಲವನು ನಾನು. ಅವಳು ಈ ಊರಿಗೆ ಬಂದು ವರ್ಷವೂ ಆಗಿರಲಿಲ್ಲ. ಆ ಮಾತೂ ಅವಳ ಪಾಲಾಯಿತು.

ವಿಭಾಗವನ್ನು ಸಾಹೇಬರು ಅಲ್ಲೇ ಅವಳಿಗೆ ಒಪ್ಪಿಸಿದರು, ಜೊತೆಗೆ ಯಾರು ಬೇಕೆಂದು ಕೇಳಿದರು. ಅವಳು ನನ್ನ ಕಡೆ ತಿರುಗಿ ನಕ್ಕು, "ಇನಕೋ ದೇ ದೋ ಸರ್," ಅಂದಳು.

ಸಾಹೇಬರು ನನ್ನನ್ನು ಅವಳ ಕೈಕೆಳಗೆ ಕೊಟ್ಟುಬಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ನಾನು "ಆಗಲಿ" ಅಂದೆ.